22 ಪಂದ್ಯ ಆಡಿ ಇಳಿದವರ ಪರವಾಗಿ

ಎಸ್‌ಸಿ ಬೆಂಗಳೂರು ತಂಡ 2023–24ರ ಐ-ಲೀಗ್ 2 ಟೂರ್ನಿ ಗೆದ್ದು ಐ-ಲೀಗಿಗೆ ಏರಿತು. ಮರುವರ್ಷ 12 ತಂಡಗಳ ಆ ಲೀಗಿನಲ್ಲಿ 22 ಪಂದ್ಯ ಆಡಿ, ದೆಹಲಿ ಎಫ್‌ಸಿ ಜತೆಗೆ ಕೊನೆಯ ಎರಡು ಸ್ಥಾನಗಳಲ್ಲಿ ಉಳಿದು ಕೆಳಗಿಳಿಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳಲ್ಲಿ ಫುಟ್‌ಬಾಲ್ ಬೆಳೆಸೋಣ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಈಗ ಇದೇ ಉದಾಹರಣೆ ಎದುರಿಗೆ ಬರುತ್ತದೆ: "ರಾಜಧಾನಿ ತಂಡಕ್ಕ ಒಂದು ವರ್ಷ ನಿಲ್ಲಾಕ ಆಗಲಿಲ್ಲ, ನಿಮ್ಮಿಂದೇನ ಆಗತೈತ್ರೀ?"

ಏರಿದ್ದೇ ತಪ್ಪು ಎನ್ನುವವರಿಂದ ಶುರು ಮಾಡುತ್ತೇನೆ. ಅರ್ಹತೆ ಇಲ್ಲದೆ ಏರಿದರು, ಅದಕ್ಕೇ ಬಿದ್ದರು ಎಂಬುದು ಇವರ ವಾದ. ಹಾಗಾದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ನೋಡಲಿ. 2023–24ರಲ್ಲಿ ಹೊಸದಾಗಿ ಏರಿದ್ದ ಬರ್ನ್ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್ ಮೂರೂ ಅದೇ ವರ್ಷ ಇಳಿದವು. ಮುಂದಿನ ವರ್ಷ ಏರಿದ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಗತಿಯೂ ಅದೇ. ಕೋಟಿಗಟ್ಟಲೆ ಪೌಂಡು ಸುರಿಯುವ ಕ್ಲಬ್ಬುಗಳ ಪಾಡು ಇದು. ನಮ್ಮಲ್ಲೇ, 1891ರಲ್ಲಿ ಹುಟ್ಟಿದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಹೋಗಿ 2024–25ರಲ್ಲಿ ಕಟ್ಟಕಡೆಗೆ ನಿಂತಿತು. ಐಎಸ್‌ಎಲ್‌ನಲ್ಲಿ ಹಿಂಬಡ್ತಿ ಇರಲಿಲ್ಲ, ಉಳಿಯಿತು. ಎಸ್‌ಸಿ ಬೆಂಗಳೂರಿಗೆ ಆ ರಿಯಾಯಿತಿ ಸಿಗಲಿಲ್ಲ.

"ಜತೆಗೇ ಏರಿದ ಡೆಂಪೊ ಹೆಂಗ ಉಳೀತು?" ಎಂದು ಕೇಳುವವರಿದ್ದಾರೆ. ಇವರ ಬತ್ತಳಿಕೆಯಲ್ಲಿ ಮೊನೆಯಿರುವ ಬಾಣ ಇದೊಂದೇ. ಆದರೆ ಗೋವಾದ ಡೆಂಪೊ ಐದು ಸಲ ರಾಷ್ಟ್ರೀಯ ಲೀಗ್ ಚಾಂಪಿಯನ್ ಆದ ತಂಡ. ಅದು ಹೊಸ ಮನೆ ಹೊಕ್ಕದ್ದಲ್ಲ, ತನ್ನ ಹಳೇ ಮನೆಗೆ ವಾಪಸಾದದ್ದು. ಶ್ರೀನಗರದ ಚಳಿಯಲ್ಲಿ, ಐಜ್ವಾಲ್ ಮತ್ತು ಶಿಲ್ಲಾಂಗಿನ ಗುಡ್ಡಗಳಲ್ಲಿ, ಕೋಯಿಕ್ಕೋಡಿನ ಸೆಕೆಯಲ್ಲಿ ಒಂದೇ ಹಂಗಾಮಿನೊಳಗೆ ಆಡುವುದನ್ನು ಮೊದಲ ವರ್ಷದಲ್ಲೇ ಕಲಿತುಬಿಡಬೇಕು ಎಂದರೆ ಹೇಗೆ? ಮೊದಲ ವರ್ಷವೇ ಗೆದ್ದವರೂ ಇದ್ದಾರೆ, ಬೆಂಗಳೂರು ಎಫ್‌ಸಿ 2013–14ರಲ್ಲಿ ಚೊಚ್ಚಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದಿತು. ಅದು ಕೆಳಗಿನಿಂದ ಏರಿ ಬಂದದ್ದಲ್ಲ, ನೇರ ಪ್ರವೇಶ ಪಡೆದದ್ದು. ಬೆನ್ನಿಗೆ ಜಿಂದಾಲರ ಜೆಎಸ್‌ಡಬ್ಲ್ಯು ಇತ್ತು.

ಇನ್ನು "ಹೊರಗಿನ ಹುಡುಗರನ್ನು ತಂದು ಆಡಿಸ್ತಾರ" ಎಂಬ ಆಕ್ಷೇಪ. ನಮ್ಮ ಜಾತ್ರೆಗಳ ಜಂಗೀ ಕುಸ್ತಿಗೆ ಕೊಲ್ಲಾಪುರದಿಂದ, ಸಾಂಗಲಿಯಿಂದ, ಹರಿಯಾಣದಿಂದ ಪೈಲ್ವಾನರನ್ನು ಕರೆಸಿ ಹಲಗೆ ಬಾರಿಸುವ ನಮಗೆ ಈ ಮಾತು ಒಪ್ಪುವುದಿಲ್ಲ. ಮುಂದಕ್ಕೆ ಹೋಗೋಣ.

ನಮ್ಮ ಮಣ್ಣು ಫುಟ್‌ಬಾಲಿಗೆ ಒಗ್ಗದು ಎಂಬ ವಾದ ಸ್ವಲ್ಪ ಗಟ್ಟಿ. ಸವದತ್ತಿ, ಬೈಲಹೊಂಗಲದ ಎರೆ ನೆಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಹುಡುಗನ ಕಾಲು ಉಳುಕಿದರೆ ವಾರಗಟ್ಟಲೆ ಮನೆಯಲ್ಲೇ. ಇದು ನಿಜ. ಆದರೆ ಗರಸು ಹಾಸಿ, ಮೇಲೆ ಕೆಂಪು ಮಣ್ಣು ಹಾಕಿ ರೋಲರ್ ಹೊಡೆಯುವುದು ನಮ್ಮ ಗುತ್ತಿಗೆದಾರರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. 1969ರಲ್ಲಿ ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ ತೆರೆದು ಅವರಿಗೆ ಕುದುರೆ ಸವಾರಿ ಕಲಿಸಿದ ಸೀಮೆ ಇದು. ಮಣ್ಣಿಗೆ, ರೂಢಿಗೆ ಹೊಂದುತ್ತದೆಯೇ ಎಂದು ಕೇಳುತ್ತ ಕೂತಿದ್ದರೆ ಅದೂ ಆಗುತ್ತಿರಲಿಲ್ಲ.

"ಕುಸ್ತಿ, ಕಬಡ್ಡಿ ಸಾಕ್ರೀ" ಎನ್ನುವವರಿಗೆ ಒಂದು ಪ್ರಶ್ನೆ: ಹಾಗೆಂದು ಕುಸ್ತಿ ಕಣಕ್ಕಾದರೂ ನೀವು ಎಷ್ಟು ದುಡ್ಡು ಎತ್ತಿದ್ದೀರಿ?

ನನ್ನ ನಿಜವಾದ ತಕರಾರು ಬೇರೆಯೇ ಇದೆ. ಕೊನೆಯಿಂದ ಎರಡನೆಯ ಸಾಲಿಗೆ ಬಂದ ತಂಡಕ್ಕೂ 22 ಪಂದ್ಯ ಸಿಕ್ಕವು. ಸೋತ ಭಾನುವಾರದ ತಪ್ಪನ್ನು ಮುಂದಿನ ವಾರ ತಿದ್ದುವ ಅವಕಾಶ ಸಿಕ್ಕಿತು. ನಮ್ಮ ತಾಲ್ಲೂಕುಗಳ ಕಾಲೇಜು ಹುಡುಗರಿಗೆ ಸಿಗುವುದೇನು? ಅಂತರಕಾಲೇಜು ಟೂರ್ನಿ ಎಂದರೆ ಸಾಮಾನ್ಯವಾಗಿ ನಾಕೌಟ್. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಮಧ್ಯಾಹ್ನ ಸೋತು, ಸಂಜೆ ಮನೆ ಸೇರಿದರೆ ಆ ವರ್ಷದ ಫುಟ್‌ಬಾಲ್ ಮುಗಿಯಿತು. ಏರುವುದಿರಲಿ, ಇಳಿಯುವುದಕ್ಕೂ ಇವರಿಗೆ ಮೆಟ್ಟಿಲಿಲ್ಲ. ಸ್ವತಃ ಒಂದು ಹಂಗಾಮನ್ನೂ ಕಟ್ಟದವರು, ಹಂಗಾಮು ಪೂರ್ತಿ ಆಡಿ ಸೋತವರನ್ನು ನೋಡಿ ನಗುತ್ತಿದ್ದಾರೆ.

ತಳ ಗಟ್ಟಿಯಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ರಾಜ್ಯ ತೋರಿಸಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ 3–2ರಿಂದ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ಗೆದ್ದದ್ದು 1968–69ರಲ್ಲಿ, ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ನಡುವಿನ 54 ವರ್ಷ ಆಟ ನಿಲ್ಲಿಸಿದ್ದರೆ ರಿಯಾದ್ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಎ ಡಿವಿಷನ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೀಗುಗಳಿವೆ. ಹುಡುಗರು ಹಂಗಾಮು ಪೂರ್ತಿ ಆಡುತ್ತಾರೆ.

ಆದ್ದರಿಂದ ನಾಲ್ಕೂ ತಾಲ್ಲೂಕುಗಳ ಕಾಲೇಜು ಪ್ರಾಚಾರ್ಯರಲ್ಲಿ, ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ಕೇಳುವುದಿಷ್ಟೆ: ಬರುವ ಶೈಕ್ಷಣಿಕ ವರ್ಷ ನಾಕೌಟ್ ಬಿಟ್ಟು ಎರಡು ಡಿವಿಷನ್ನಿನ ಲೀಗ್ ಮಾಡಿ. ಪ್ರತಿ ತಂಡ ಒಮ್ಮೆ ತನ್ನೂರಲ್ಲಿ, ಒಮ್ಮೆ ಎದುರಾಳಿಯ ಊರಲ್ಲಿ ಆಡಲಿ. ಗೆದ್ದವರು ಏರಲಿ, ಸೋತವರು ಇಳಿಯಲಿ.