ಮುಚ್ಚಿಟ್ಟ ಗಂಟು

ದಾಂಪತ್ಯ ಮುರಿಯುವ ಹೊತ್ತಿಗೆ ಮನೆಯ ಸಂಪತ್ತು ಮಾಯವಾಗುವ ಇಂದ್ರಜಾಲ ಹೊಸದೇನಲ್ಲ. ಹಿಂದೆ ನಿವೇಶನ ತಮ್ಮನ ಹೆಸರಿಗೆ ಹೋಗುತ್ತಿತ್ತು, ಒಡವೆ ತಾಯಿಯ ಪೆಟ್ಟಿಗೆ ಸೇರುತ್ತಿತ್ತು. ಈಗ ಹಣ ಡಿಮ್ಯಾಟ್ ಖಾತೆಯಲ್ಲೋ ಬಿಟ್‌ಕಾಯಿನ್ನಿನಲ್ಲೋ ಅಡಗುತ್ತದೆ. ನ್ಯಾಯಾಲಯದ ಮುಂದೆ ಮಾತ್ರ ಗಂಡ ಕಡುಬಡವ!

ಭಾರತದ ಕಾನೂನಿನಲ್ಲಿ ವಿಚ್ಛೇದನವಾದೊಡನೆ ಗಂಡನ ಆಸ್ತಿ ಸರಿಪಾಲಾಗುವುದಿಲ್ಲ; ಹೆಂಡತಿ ಮಕ್ಕಳಿಗೆ ದೊರೆಯುವುದು ಜೀವನಾಂಶ. ಅದರ ಮೊತ್ತ ನಿಲ್ಲುವುದು ಆದಾಯ, ಆಸ್ತಿಗಳ ಮೇಲೆ. ಮುಚ್ಚಿಟ್ಟ ಒಂದೊಂದು ರೂಪಾಯಿಯೂ ಮಗುವಿನ ಶಾಲೆಯ ಫೀಜಿನಿಂದ ಕದ್ದದ್ದು.

ಇದನ್ನರಿತೇ 2020ನೆಯ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಹಾಗೂ ಆರ್. ಸುಭಾಷ್ ರೆಡ್ಡಿಯವರು, ಜೀವನಾಂಶದ ಮೊಕದ್ದಮೆಗಳಲ್ಲಿ ಉಭಯ ಪಕ್ಷದವರೂ ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸತಕ್ಕದ್ದೆಂದು ವಿಧಿಸಿದರು. ಪ್ರತಿವಾದಿಗೆ ಗಡುವು 4 ವಾರ. ಮದುವೆಯಾದ ಮೇಲೆ ಪರಭಾರೆ ಮಾಡಿದ ಸ್ವತ್ತಿಗೂ ಕಾರಣ ಹೇಳಬೇಕು. ಸುಳ್ಳು ಬರೆದವನು ಶಿಕ್ಷೆಗೆ ಗುರಿಯಾದಾನು.

ಬಿಟ್‌ಕಾಯಿನ್ನಿಗೂ ಹೆಜ್ಜೆಗುರುತುಂಟು. ಅದನ್ನು ಕೊಳ್ಳುವ ಹಣ ಸಾಮಾನ್ಯವಾಗಿ ಬ್ಯಾಂಕಿನಿಂದಲೇ ಹೊರಡುತ್ತದೆ. ಪಾಸ್‌ಬುಕ್ಕಿನಲ್ಲಿ ಆ ಸಾಲು ಉಳಿಯುತ್ತದೆ. 2022ರ ಜುಲೈ 1ರಿಂದ ಮಾರಾಟದ ಮೇಲೆ ಶೇಕಡಾ 1ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಿ, ಆದಾಯ ತೆರಿಗೆಯ ದಾಖಲೆ ಸೇರುತ್ತದೆ. ಹೆಂಡತಿಯ ವಕೀಲರು ಕೋರಿದರೆ ನ್ಯಾಯಾಲಯ ಆ ಕಾಗದಗಳನ್ನು ತರಿಸಬಲ್ಲದು.

ಆದರೆ ಯಾವ ಬ್ಯಾಂಕು, ಯಾವ ಖಾತೆ ಎಂಬುದನ್ನೇ ಅರಿಯದ ಗೃಹಿಣಿ ಏನನ್ನು ಕೇಳಿಯಾಳು? ತೋರಿಸಿದೆಡೆ ಸಹಿ ಹಾಕುವುದು ಪಾತಿವ್ರತ್ಯವಲ್ಲ. ಮನೆಯ ಲೆಕ್ಕ ಇಬ್ಬರಿಗೂ ತಿಳಿದಿರಲಿ. ಪ್ರೀತಿಯಿರುವ ಮನೆಯಲ್ಲಿ ಅದರಿಂದ ನಷ್ಟವಾಗುವುದೇನೂ ಇಲ್ಲ.