ಎಂಟು ಗಂಟೆಯಲ್ಲಿ ರೋಗಿ ಯಾರ ಕೈಲಿ?

ಈಚೆಗೆ ನಮ್ಮ ನೆಂಟರೊಬ್ಬರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ವಯಸ್ಸು 68, ಹಳೇ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೀವು ಕಟ್ಟಿತ್ತು. ಯಾವ ಆಸ್ಪತ್ರೆ ಅಂತ ಕೇಳಬೇಡಿ ಸ್ವಾಮಿ. ಒಂದರ ಹೆಸರು ಬರೆದರೆ ಮಿಕ್ಕವರೆಲ್ಲ ತಾವೇ ಸಾಚಾ ಅಂದುಕೊಂಡು ನಿದ್ದೆ ಹೋಗುತ್ತಾರೆ.

ರಾತ್ರಿ ಊಟಕ್ಕೆ ಮುಂಚೆ, ಏಳೂವರೆಗೆ, ಮಧ್ಯಾಹ್ನದ ಪಾಳಿಯ ಸಿಸ್ಟರ್ ಬಂದು ಇನ್ಸುಲಿನ್ ಚುಚ್ಚಿದರು. ಶೀಟಿನಲ್ಲಿ ಬರೆಯುವಷ್ಟರಲ್ಲಿ ಪಕ್ಕದ ವಾರ್ಡಿನಿಂದ ಕೂಗು. ಓಡಿದರು. ಎಂಟಕ್ಕೆ ಪಾಳಿ ಬದಲು. ಬಾಗಿಲ ಬಳಿಯ ಮೇಜಿನ ಹತ್ತಿರ ಒಬ್ಬರು ಬ್ಯಾಗು ಹೆಗಲಿಗೇರಿಸುತ್ತಾ, ಇನ್ನೊಬ್ಬರು ಕೋಟು ತೊಡುತ್ತಾ, "ಏಳು ಶುಗರ್ರು, ಎಂಟು ಡ್ರಿಪ್ಪು, ಒಂಬತ್ತು ನಾಳೆ ಡಿಸ್ಚಾರ್ಜು..." ಮೂವತ್ತು ರೋಗಿಗಳ ಕಥೆ ಐದು ನಿಮಿಷದಲ್ಲಿ ಮುಗಿಯಿತು. ಎಂಟೂಕಾಲಿಗೆ ರಾತ್ರಿ ಸಿಸ್ಟರ್ ಸಿರಿಂಜ್ ಹಿಡಿದು ಬಂದರು. ಶೀಟಿನಲ್ಲಿ ಆ ಜಾಗ ಖಾಲಿ ಇತ್ತು. ಅವರ ತಪ್ಪೇನು?

ತಡೆದದ್ದು ರೋಗಿಯ ಹೆಂಡತಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಇದ್ಯಾಕವ್ವ, ಆಗ್ಲೇ ಆ ತಾಯಿ ಚುಚ್ಚಿ ಹೋದ್ರಲ್ಲ, ಇನ್ನೊಂದಾ?" ಅಂದರು. ಸಿಸ್ಟರ್ ಕೈ ತಡೆದು ಫೋನು ಮಾಡಿದರು. ಮನೆಗೆ ಹೊರಟವರು ಬಸ್ಸಿನಲ್ಲಿದ್ದರು. ಹೌದು, ಕೊಟ್ಟಾಗಿದೆ. ಅಷ್ಟೇ. ಎರಡನೇ ಸಲವೂ ಬಿದ್ದಿದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಆಮೇಲೆ ಪ್ರಜ್ಞೆ ತಪ್ಪುವುದು. ಅದೂ ರಾತ್ರಿ ಹೊತ್ತು. ಯಜಮಾನರು ನಿದ್ದೆ ಮಾಡ್ತಿದ್ದಾರೆ ಅಂತ ನಾವೆಲ್ಲ ಸುಮ್ಮನಿರುತ್ತಿದ್ದೆವು.

ಬಹಳಷ್ಟು ಆಸ್ಪತ್ರೆಗಳಲ್ಲಿ ದಿನಕ್ಕೆ ಮೂರು ಸಲ ರೋಗಿಯ ಹೊಣೆ ಹೀಗೆ ಕೈ ಬದಲಾಗುತ್ತದೆ. ಬಸ್ ಕಂಡಕ್ಟರ್ ಡಿಪೋದಲ್ಲಿ ಕಾಸು ಎಣಿಸಿಕೊಟ್ಟೇ ಮನೆಗೆ ಹೋಗಬೇಕು. ಸ್ಟೇಷನ್ ಮಾಸ್ಟರು ಡೈರಿಯಲ್ಲಿ ಚಾರ್ಜ್ ಬರೆದು ಸಹಿ ಹಾಕಿಯೇ ಕುರ್ಚಿ ಬಿಡಬೇಕು. ಮಂಚದ ಮೇಲಿರುವ ಮನುಷ್ಯನನ್ನು ಮಾತ್ರ ಮುಖ ನೋಡದೆಯೂ ವಹಿಸಿಕೊಳ್ಳಬಹುದು!

ನಮ್ಮ ಮಾತು ಇಷ್ಟೇ. ಚಾರ್ಜ್ ಕೊಡುವುದು ಮೇಜಿನ ಹತ್ತಿರ ಅಲ್ಲ, ಮಂಚದ ಹತ್ತಿರ ಆಗಬೇಕು. ಹೋಗುವವರು, ಬರುವವರು ಇಬ್ಬರೂ ನಿಂತು, ಶೀಟು ಬಿಡಿಸಿ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿದೆ, ಯಾವುದು ಬಾಕಿ ಎಂದು ನೋಡಬೇಕು. ಡ್ರಿಪ್ ಹನಿ ಬೀಳುತ್ತಿದೆಯೋ, ಸೂಜಿ ಹಾಕಿದ ಕೈ ಊದಿದೆಯೋ, ಮೂತ್ರದ ಚೀಲ ತುಂಬಿದೆಯೋ, ಬ್ಯಾಂಡೇಜಿನಲ್ಲಿ ರಕ್ತ ಒಸರಿದೆಯೋ, ಇವೆಲ್ಲ ರಿಜಿಸ್ಟರಿನಲ್ಲಿ ಕಾಣುವುದಿಲ್ಲ, ಕಣ್ಣಿಗೆ ಕಾಣುತ್ತವೆ. ಕೊನೆಗೆ "ಏನಾದ್ರೂ ಹೇಳೋದಿದ್ಯಾ ಅಜ್ಜ?" ಅಂತ ಒಂದು ಮಾತು. ಎಂಟು ಗಂಟೆಗೆ ಆ ಮಾತು ಕೇಳಿದ್ದರೆ ನಮ್ಮ ಅಮ್ಮನವರು ಆಗಲೇ ಬಾಯಿ ಬಿಡುತ್ತಿದ್ದರು, ಸಿರಿಂಜ್ ತುಂಬುವ ಪ್ರಮೇಯವೇ ಬರುತ್ತಿರಲಿಲ್ಲ.

ಇದು ನಮ್ಮ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೇನಲ್ಲ. ಪಾಳಿ ಬದಲಾಗುವಾಗ ಮಾಹಿತಿ ಸರಿಯಾಗಿ ದಾಟಬೇಕು, ಅದಕ್ಕೆಂದೇ ಸಮಯ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿತ್ತು. ಅಮೆರಿಕ, ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಎಳೆಯ ಡಾಕ್ಟರುಗಳಿಗೆ ಚಾರ್ಜ್ ಕೊಡುವ ಕ್ರಮ ಕಲಿಸಿದ ಮೇಲೆ ತಪ್ಪುಗಳು ಶೇಕಡಾ 23ರಷ್ಟು ಇಳಿದವೆಂದು 2014ರಲ್ಲಿ ಪ್ರಕಟವಾಯಿತು. ಅವರು ಡಾಕ್ಟರುಗಳು, ಇವರು ಸಿಸ್ಟರುಗಳು ನಿಜ. ಆದರೆ ಕೈ ಬದಲಾಗುವಾಗ ಮಾತು ಸೋರಿಹೋಗುವುದು ಇಬ್ಬರಿಗೂ ಒಂದೇ. ಅದಿರಲಿ, ಮೇ 12ರಂದು ನಾವು ಫೋಟೋಕ್ಕೆ ಹಾರ ಹಾಕಿ ಮೇಣದ ಬತ್ತಿ ಹಚ್ಚುವ ನೈಟಿಂಗೇಲ್ ಅಮ್ಮ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿದ್ದಾರೆ: ನಾನಿದ್ದಾಗ ಆಗುವ ಕೆಲಸ ನಾನಿಲ್ಲದಾಗಲೂ ಆಗುವುದು ಹೇಗೆ ಎಂಬುದಕ್ಕೆ. ಹಾರ ಹಾಕುವವರು ಯಾರಾದರೂ ಓದಿದ್ದಾರೋ ಇಲ್ಲವೋ.

ಪರಿಚಯದ ಹಿರಿಯ ಸಿಸ್ಟರ್ ಒಬ್ಬರಿಗೆ ಇದನ್ನೆಲ್ಲ ಹೇಳಿದೆ. ನಕ್ಕುಬಿಟ್ಟರು. "ಬರೆಯೋದು ಸುಲಭ ಸಾರ್. ರಾತ್ರಿ ನಾನೊಬ್ಳೇ, ನಲವತ್ತು ಬೆಡ್ಡು. ಎಂಟಕ್ಕೆ ಡ್ಯೂಟಿ ಮುಗಿಯತ್ತೆ, ಎಂಟಕ್ಕೇ ಅವ್ರ ಡ್ಯೂಟಿ ಶುರು. ಮಂಚಮಂಚಕ್ಕೆ ಹೋಗೋ ಟೈಮು ಯಾರ ಲೆಕ್ಕಕ್ಕೆ? ನನ್ನ ಕೊನೇ ಬಸ್ಸು ಎಂಟೂವರೆಗೆ."

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವ ಪ್ರಮಾಣ. ಐದೆಲ್ಲಿ, ನಲವತ್ತೆಲ್ಲಿ! ಎಂಟಕ್ಕೆ ಮುಗಿದು ಎಂಟಕ್ಕೇ ಶುರುವಾಗುವ ಪಾಳಿಪಟ್ಟಿಯಲ್ಲಿ ಚಾರ್ಜ್ ಕೊಡಲು ಇರುವ ಸಮಯ ಸೊನ್ನೆ ನಿಮಿಷ. ಆ ಪಟ್ಟಿ ಬರೆದವರು ಸಿಸ್ಟರುಗಳಲ್ಲ. ಇಬ್ಬರೂ ಒಟ್ಟಿಗಿರುವ ಇಪ್ಪತ್ತು ನಿಮಿಷ ಪಟ್ಟಿಯಲ್ಲೇ ಬರಬೇಕು, ಡ್ಯೂಟಿ ಅಂತಲೇ ಲೆಕ್ಕಕ್ಕೆ ಸೇರಬೇಕು, ಹೊರಗುತ್ತಿಗೆಯವರಿಗೂ ಸೇರಿಸಿ. ಇಪ್ಪತ್ತು ನಿಮಿಷದಲ್ಲಿ ನಲವತ್ತು ಮಂಚವನ್ನೂ ಕೂಲಂಕಷವಾಗಿ ನೋಡಲಾಗದು, ಒಪ್ಪಿದೆ. ಆಪರೇಷನ್ ಆದವರು, ಇನ್ಸುಲಿನ್‌ನವರು, ಆಕ್ಸಿಜನ್ ಮೇಲಿರುವವರ ಹತ್ತಿರ ನಿಲ್ಲಲಿ, ಮಿಕ್ಕವರತ್ತ ಕಣ್ಣು ಹಾಯಿಸಲಿ. ಹತ್ತು ಜನರೆದುರು ಆಡಬಾರದ ಕಾಯಿಲೆಯ ಮಾತು ಮೇಜಿನ ಹತ್ತಿರವೇ ಮೆಲ್ಲಗೆ ಆಗಲಿ.

ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ. ಅದರ ಮಾನ್ಯ ಸದಸ್ಯರು ಒಂದು ದಿನ, ಮೊದಲೇ ಹೇಳಿ ಕಳಿಸದೆ, ರಾತ್ರಿ ಏಳೂಮುಕ್ಕಾಲಿಗೆ ಗಂಡಸರ ವಾರ್ಡಿನ ಬಾಗಿಲಲ್ಲಿ ನಿಂತು ನೋಡಲಿ. ಅರ್ಧ ಗಂಟೆ ಸಾಕು. ಕಾಫಿ ಬಿಸ್ಕತ್ತು ಆಮೇಲೆ.