ಬಾಣಕ್ಕೆ ಮರದ ಹೆಸರೊಂದೇ ಸಾಕೆ?

ಬಿಲ್ಲುಗಾರನು ಗುರಿ ತಪ್ಪಿದಾಗ ನೋಡುವವರು ಅವನ ಕೈಯನ್ನೋ ಕಣ್ಣನ್ನೋ ದೂರುವುದು ವಾಡಿಕೆ. ಬಿಲ್ಲನ್ನು ಹಳಿಯುವವರೂ ಉಂಟು. ಬಾಣದ ದಂಡವನ್ನು ವಿಚಾರಿಸುವವರು ಮಾತ್ರ ವಿರಳ. ಆದರೆ ಕೈ, ಬಿಲ್ಲು, ಸೆಳೆತಗಳು ಒಂದೇ ಆಗಿದ್ದರೂ, ಕಣ್ಣಿಗೆ ಅವಳಿಗಳಂತೆ ತೋರುವ ಎರಡು ಮರದ ಬಾಣಗಳು ಎರಡು ಕಡೆಗೆ ಹಾರುವುದುಂಟು. ಹಾಗಾದರೆ ಒಳ್ಳೆಯ ದಂಡವನ್ನು ಆರಿಸುವ ಬಗೆ ಯಾವುದು? ಅಮೆರಿಕದ ಸಾಂಪ್ರದಾಯಿಕ ಬಿಲ್ಲುಗಾರರಲ್ಲಿ ಅನೇಕರು ಇದಕ್ಕೆ ಒಂದು ಮರದ ಹೆಸರನ್ನೇ ಉತ್ತರವಾಗಿ ಹೇಳುತ್ತಾರೆ: ಪೋರ್ಟ್ ಆರ್ಫರ್ಡ್ ಸೀಡರ್. ಹೀಗೆ ಹೆಸರನ್ನು ನಂಬಿ ಕೊಳ್ಳುವ ಪದ್ಧತಿ ವಿಜ್ಞಾನಕ್ಕೆ ಒಪ್ಪುವಂಥದಲ್ಲ, ಕಾಡಿಗೂ ಹಿತವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ದಂಡದ ಕೆಲಸವೇನೆಂಬುದನ್ನು ನೋಡೋಣ. ಹೆದೆಯು ಬಿಲ್ಲಿನ ನಡುಗೆರೆಯತ್ತ ಧಾವಿಸುತ್ತದೆ; ಬಾಣವಾದರೋ ಬಿಲ್ಲಿನ ಪಕ್ಕಕ್ಕೆ ಒರಗಿರುತ್ತದೆ. ಆದ್ದರಿಂದ ಬಾಣದ ಹಿಂತುದಿ ಮುಂದೆ ಬಂದಂತೆಲ್ಲ ಮೊನೆಯು ಪಕ್ಕಕ್ಕೆ ತಿರುಗಬೇಕು. ಆದರೂ ಬಾಣ ಗುರಿಗೇ ಹೋಗುತ್ತದೆ! ಈ ಒಗಟಿಗೆ ರಾಬರ್ಟ್ ಎಲ್ಮರ್ ಎಂಬವರು ‘ಬಿಲ್ಲುಗಾರನ ವಿರೋಧಾಭಾಸ’ವೆಂದು ಹೆಸರಿಟ್ಟರು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿಯು ಅತಿವೇಗದ ಛಾಯಾಗ್ರಹಣದಿಂದ ಇದರ ಗಂಟನ್ನು ಬಿಡಿಸಿದರು. ಹೆದೆಯ ಒತ್ತಡಕ್ಕೆ ಬಾಣವು ಬಾಗಿ, ಮೀನು ಈಜುವಂತೆ ಬಳುಕುತ್ತ, ಬಿಲ್ಲನ್ನು ಬಳಸಿಕೊಂಡು ಸಾಗುತ್ತದೆ. ದಂಡವು ಮಿತಿಮೀರಿ ಪೆಡಸಾಗಿದ್ದರೆ ಬಲಗೈ ಬಿಲ್ಲುಗಾರನ ಬಾಣ ಎಡಕ್ಕೆ ಸರಿಯುತ್ತದೆ. ಮಿತಿಮೀರಿ ಮೆದುವಾಗಿದ್ದರೆ ಬಲಕ್ಕೆ. ಅಂದರೆ ದಂಡಕ್ಕೆ ಬೇಕಾದುದು ಬಿಲ್ಲಿಗೆ ತಕ್ಕ ಪೆಡಸು.

ಇದನ್ನು ಅಳೆಯಲು ದೊಡ್ಡ ಪ್ರಯೋಗಶಾಲೆ ಬೇಡ. 26 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ದಂಡವನ್ನಿಟ್ಟು, ನಡುವೆ 2 ಪೌಂಡ್ ತೂಕವನ್ನು ತೂಗುಹಾಕಿ, ಅದು ಎಷ್ಟು ಅಂಗುಲ ಬಾಗಿತೆಂದು ನೋಡಬೇಕು. 26ನ್ನು ಆ ಬಾಗಿನಿಂದ ಭಾಗಿಸಿದರೆ ದಂಡದ ಅಂಕ ಸಿಗುತ್ತದೆ. ಅರ್ಧ ಅಂಗುಲ ಬಾಗಿದ ದಂಡದ ಅಂಕ 52. ಸ್ಥೂಲವಾಗಿ ಹೇಳುವುದಾದರೆ ಅದು 50 ಪೌಂಡ್ ಸೆಳೆತದ ಬಿಲ್ಲಿಗೆ ಸರಿಹೊಂದೀತು. ಬಾಣದ ಉದ್ದ, ಮೊನೆಯ ತೂಕಗಳಿಗೆ ತಕ್ಕಂತೆ ಇದನ್ನು ತಿದ್ದಿಕೊಳ್ಳಬೇಕು. ದುಂಡನೆಯ ದಂಡದ ಪೆಡಸು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದೂ ಗಮನಾರ್ಹ. ಒಂದೇ ಮರದ ದಂಡದ ವ್ಯಾಸವು ಅಂಗುಲದ 32ರಲ್ಲಿ 10 ಪಾಲಿನ ಬದಲು 11 ಪಾಲು ಇದ್ದರೆ ಪೆಡಸು ಸುಮಾರು 46 ಪ್ರತಿಶತ ಹೆಚ್ಚುತ್ತದೆ. ಇಷ್ಟು ಸಣ್ಣ ಅಳತೆಯೇ ಇಷ್ಟು ದೊಡ್ಡ ವ್ಯತ್ಯಾಸವನ್ನು ಉಂಟುಮಾಡುವಾಗ, ಬರಿಯ ಹೆಸರಿನಿಂದ ಏನು ತಿಳಿದೀತು?

ಪೆಡಸಿನ ಜೊತೆಗೆ ನಾರಿನ ನಡೆಯನ್ನೂ ಪರೀಕ್ಷಿಸಬೇಕು. ನಾರು ತುದಿಯಿಂದ ತುದಿಗೆ ನೇರವಾಗಿ ಹರಿದಿರಬೇಕು. ಅದು ನಡುವೆಯೇ ಓರೆಯಾಗಿ ಪಕ್ಕಕ್ಕೆ ಹೊರಟಿದ್ದರೆ ಅಲ್ಲಿ ದಂಡವು ಸೀಳಿ, ಚೂರು ಕೈಗೆ ನೆಡುವ ಅಪಾಯವುಂಟು. ಅಂಥ ದಂಡವನ್ನು, ಅದು ಎಂಥ ಹೆಸರಾಂತ ಮರದ್ದೇ ಆಗಲಿ, ಎತ್ತಿ ಬಿಸಾಡುವುದೇ ಲೇಸು.

ಪೋರ್ಟ್ ಆರ್ಫರ್ಡ್ ಸೀಡರ್ ಹಗುರವಾದ, ನೇರ ನಾರಿನ, ಸುವಾಸನೆಯ ಮರವೆಂಬುದು ದಿಟ. ಆದರೆ ಅದರ ಸಹಜ ನೆಲೆ ಒರೆಗನ್ನಿನ ನೈಋತ್ಯ ಮತ್ತು ಕ್ಯಾಲಿಫೋರ್ನಿಯದ ವಾಯವ್ಯ ಭಾಗಗಳ ಒಂದು ಕಿರಿದಾದ ಪಟ್ಟಿ ಮಾತ್ರ. 1923ರಲ್ಲಿ ಸಿಯಾಟಲಿನ ಒಂದು ಸಸ್ಯಾಗಾರದಲ್ಲಿ ಈ ಮರಕ್ಕೆ ತಗಲಿದ ಬೇರುರೋಗವು 1952ರಲ್ಲಿ ಅದರ ತೌರುಕಾಡನ್ನೇ ಹೊಕ್ಕಿತು. ರೋಗಕಾರಕವು ಫೈಟಾಫ್ತೊರ ಎಂಬ ಕುಲದ ಜೀವಿ. ನಮ್ಮ ಮಲೆನಾಡಿನ ಅಡಕೆಗೆ ಕೊಳೆರೋಗವನ್ನು ತರುವ ಜೀವಿಯೂ ಇದೇ ಕುಲದ್ದು. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಗಾಡಿಯ ಚಕ್ರಕ್ಕೆ ಮೆತ್ತಿದ ಕೆಸರಿನಲ್ಲಿ ಪಯಣಿಸುತ್ತವೆ. ಅಡಕೆಗಾದರೆ ಬೋರ್ಡೊ ದ್ರಾವಣವನ್ನು ಸಿಂಪಡಿಸಬಹುದು. ಇಡೀ ಕಾಡಿನ ಬೇರುಗಳಿಗೆ ಸಿಂಪಡಿಸುವವರಾರು? ರೋಗವನ್ನು ತಡೆದುಕೊಳ್ಳುವ ಮರಗಳನ್ನು ಆರಿಸಿ, ಅವುಗಳ ಬೀಜದಿಂದ ಸಸಿಗಳನ್ನು ಬೆಳೆಸುವ ಕಾರ್ಯ ಅಲ್ಲಿ ನಡೆದಿದೆ. ಆದರೆ ಇಂದಿನ ಸಸಿಯು ಒತ್ತಾದ ವಲಯಗಳ ಮುದಿಮರವಾಗಲು ತಲೆಮಾರುಗಳೇ ಕಳೆಯಬೇಕು.

ಒಂದೇ ಮರಕ್ಕೆ ಜೋತುಬೀಳಬೇಕಾದ ಅಗತ್ಯವೂ ಇಲ್ಲ. 1545ರಲ್ಲಿ ಪ್ರಕಟವಾದ ‘ಟಾಕ್ಸೊಫಿಲಸ್’ ಗ್ರಂಥದಲ್ಲಿ ರೋಜರ್ ಆಸ್ಕಮ್ ಬಾಣಕ್ಕೆ ಬಳಸುವ ಹಲವು ಮರಗಳನ್ನು ಹೇಳಿ, ಯುದ್ಧಬಾಣಕ್ಕೆ ಆ್ಯಶ್ ಮರವನ್ನು ಮೆಚ್ಚಿದನು. ಅದೇ ವರ್ಷ ಮುಳುಗಿ, 1982ರಲ್ಲಿ ಮೇಲೆತ್ತಲಾದ ‘ಮೇರಿ ರೋಸ್’ ಎಂಬ ಇಂಗ್ಲಿಷ್ ಯುದ್ಧನೌಕೆಯ ಬಾಣಗಳಲ್ಲಿ ಬಹುಪಾಲು ಪಾಪ್ಲರ್ ಮರದವು! ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, 5000 ವರ್ಷಗಳಿಗೂ ಹಿಂದಿನ ಮನುಷ್ಯನ ಬತ್ತಳಿಕೆಯಲ್ಲಿದ್ದುದು ವೈಬರ್ನಮ್ ಪೊದೆಯ ಕೋಲುಗಳು. ನಮ್ಮಲ್ಲಿ ‘ಶರ’ವೆಂಬ ಸಂಸ್ಕೃತ ಪದಕ್ಕೆ ಬಾಣವೆಂದೂ ಅರ್ಥ, ಒಂದು ಬಗೆಯ ಜೊಂಡುಹುಲ್ಲೆಂದೂ ಅರ್ಥ. ತಮ್ಮ ನೆರೆಯಲ್ಲಿ ಬೆಳೆದುದನ್ನು ಆರಿಸಿ, ತಿದ್ದಿ, ಬಳಸಿದವರು ಇವರೆಲ್ಲ.

ಅಲ್ಯುಮಿನಿಯಂ ಮತ್ತು ಕಾರ್ಬನ್ ಕೊಳವೆಗಳಿರುವಾಗ ಮರವೇಕೆ ಎನ್ನುವವರುಂಟು. ಸ್ಪರ್ಧೆಗೆ ಅವು ಸರಿಯೆ. ಒಂದರಂತೆ ಇನ್ನೊಂದು ಇರುತ್ತದೆ. ಆದರೆ ಮರವನ್ನು ಆರಿಸಹೊರಟವನು ಅಳೆಯುವುದನ್ನೂ ನೋಡುವುದನ್ನೂ ಕಲಿಯುತ್ತಾನೆ. ಹೆಸರನ್ನು ಕೊಂಡವನಿಗೆ ಆ ಲಾಭವಿಲ್ಲ. ವಿದ್ಯಾರ್ಥಿಗಳು ಎರಡು ಗೂಟಗಳನ್ನೂ ಒಂದು ತೂಕದ ಕಲ್ಲನ್ನೂ ತಂದು, ಕೈಗೆ ಸಿಕ್ಕ ಹತ್ತು ಕೋಲುಗಳನ್ನು ಪರೀಕ್ಷಿಸಿ ನೋಡಲಿ. ಒಂದೇ ಮರದ ಎರಡು ಕೋಲುಗಳು ಬೇರೆ ಬೇರೆಯಾಗಿ ಬಾಗುವುದನ್ನು ಕಂಡಮೇಲೆ, ಮರದ ಹೆಸರನ್ನು ಕೇಳುವ ಮುನ್ನ ಅದರ ಗುಣವನ್ನು ಕೇಳುವ ಅಭ್ಯಾಸ ತಾನಾಗಿಯೇ ಬರುತ್ತದೆ.